ಬಿರುಗಾಳಿ ವೀಕ್ಷಣಾ ಶಾಸ್ತ್ರ: ಬಾದನಹಟ್ಟಿ ಶಾಖೆ

ಅಮೆರಿಕದಲ್ಲಿ ‘ಸ್ಕೈವಾರ್ನ್’ ಎಂಬ ಏರ್ಪಾಡು ಇದೆ. ಅಲ್ಲಿನ ರಾಷ್ಟ್ರೀಯ ಹವಾಮಾನ ಸೇವೆ 1970ರ ದಶಕದಲ್ಲಿ ಕಟ್ಟಿದ್ದು. ಎರಡು ಗಂಟೆಯಷ್ಟು ತರಬೇತಿ ಪಡೆದ ಲಕ್ಷಾಂತರ ಸ್ವಯಂಸೇವಕರು ಮೋಡ ಕವಿದಾಗ ಆಕಾಶ ನೋಡುತ್ತ ನಿಂತು, ಸುಂಟರಗಾಳಿ ಎದ್ದರೆ, ಆಲಿಕಲ್ಲು ಬಿದ್ದರೆ ಕಚೇರಿಗೆ ತಿಳಿಸುತ್ತಾರೆ. ಸಂಬಳ ಇಲ್ಲ. ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯಲ್ಲೂ ಕಟ್ಟೆಯ ಮೇಲೆ ಕೂತು ಸಂಬಳವಿಲ್ಲದೆ ಆಕಾಶ ನೋಡುವವರು ತಲೆತಲಾಂತರದಿಂದ ಇದ್ದಾರೆ. ಕೊರತೆ ಇದ್ದದ್ದು ಆ ಎರಡು ಗಂಟೆಯ ತರಬೇತಿಯದು ಮಾತ್ರ. ಅದನ್ನು ನೀಗಿಸಲು ಈ ಬರಹ.

ನೇಮಕಾತಿ ನಿಯಮ ಸರಳ. ಅಭ್ಯರ್ಥಿ ತನ್ನನ್ನು ತಾನೇ ನೇಮಿಸಿಕೊಳ್ಳಬೇಕು. ನಾನು ಹಾಗೆಯೇ ನೇಮಕಗೊಂಡವನು. ಸಂದರ್ಶನವನ್ನು ನಾನೇ ನಡೆಸಿದೆ. ಪ್ರಶ್ನೆಗಳು ಕಠಿಣವಾಗಿದ್ದವು, ಉತ್ತರಗಳು ಸಮರ್ಪಕವಾಗಿದ್ದವು.

ಆದರೆ ಅರ್ಹತೆ ಮಾತ್ರ ಬಾಲ್ಯದಲ್ಲೇ ಬಂದಿರಬೇಕು. ದೊಡ್ಡವರಾದ ಮೇಲೆ ಹವಾಮಾನದಲ್ಲಿ ಆಸಕ್ತಿ ಹುಟ್ಟುವುದು ಹೊಲ ಇದ್ದವರಿಗೆ. ಅದು ಆಸಕ್ತಿಯಲ್ಲ, ಆತಂಕ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಬಿಸಿಲು 40 ಡಿಗ್ರಿ ದಾಟಿದಾಗ ಎರೆಹೊಲದ ನಡುವೆ ಸುಳಿಗಾಳಿ ಏಳುತ್ತದೆ. ಮಣ್ಣು, ಹೊಟ್ಟು, ಹತ್ತಿಯ ಎಳೆ, ಗುಟ್ಕಾ ಚೀಟಿ ಎಲ್ಲ ಗಿರಗಿರನೆ ಮೇಲೇರುತ್ತವೆ. “ದೆವ್ವಗಾಳಿ ಬಂತು, ದೂರ ಸರೀರಲೇ” ಎಂದು ದೊಡ್ಡವರು ಕೂಗುತ್ತಿದ್ದರು. ಉಳಿದ ಹುಡುಗರು ಮನೆಯ ಕಡೆ ಓಡುತ್ತಿದ್ದರು, ನಾನು ಗಾಳಿಯ ಕಡೆ. ಹೊರಬಂದಾಗ ಬಾಯಲ್ಲಿ ಮಣ್ಣು, ಎದೆಗೆ ಅಂಟಿಕೊಂಡ ಯಾರದೋ ಮದುವೆಯ ಕರೆಯೋಲೆ. ದೆವ್ವದ ಮನೆಯಲ್ಲೂ ಶುಭಕಾರ್ಯಗಳು ನಡೆಯುತ್ತವೆ ಎಂಬುದು ನನ್ನ ಮೊದಲ ವೈಜ್ಞಾನಿಕ ಟಿಪ್ಪಣಿ. ಸುಳಿಗಾಳಿಗೂ ನಿಜವಾದ ಸುಂಟರಗಾಳಿಗೂ ಇರುವ ವ್ಯತ್ಯಾಸ ತಿಳಿದದ್ದು ಆಮೇಲೆ. ಸುಳಿಗಾಳಿ ಕಾದ ನೆಲದಿಂದ ಮೇಲಕ್ಕೆ ಏಳುತ್ತದೆ, ಅದಕ್ಕೆ ಮೋಡ ಬೇಕಿಲ್ಲ. ಸುಂಟರಗಾಳಿ ಗುಡುಗುಮೋಡದ ಹೊಟ್ಟೆಯಿಂದ ಕೆಳಗಿಳಿಯುತ್ತದೆ. ಮೊದಲನೆಯದರ ಒಳಗೆ ಹೊಕ್ಕವರು ಇಂಥ ಲೇಖನ ಬರೆಯುತ್ತಾರೆ. ಎರಡನೆಯದರ ಒಳಗೆ ಹೊಕ್ಕವರು ಬರೆದದ್ದು ಕಡಿಮೆ.

ಉಪಗ್ರಹ, ರಾಡಾರ್ ಇರುವಾಗ ಕಟ್ಟೆಯ ಮೇಲಿನ ಕಣ್ಣು ಯಾಕೆ ಎಂದು ಕೇಳುವವರಿದ್ದಾರೆ. ಭೂಮಿ ದುಂಡಗಿದೆ ಎಂಬುದನ್ನು ಅವರು ಮರೆತಿರುತ್ತಾರೆ. ರಾಡಾರಿನ ಕಿರಣ ನೆಟ್ಟಗೆ ಹೋಗುತ್ತದೆ, ನೆಲ ಬಾಗುತ್ತ ಹೋಗುತ್ತದೆ. 200 ಕಿ.ಮೀ. ದೂರಕ್ಕೆ ಹೋಗುವಷ್ಟರಲ್ಲಿ ಅತಿ ತಗ್ಗಿನ ಕಿರಣವೂ ನೆಲದಿಂದ ನಾಲ್ಕು ಕಿ.ಮೀ.ಯಷ್ಟು ಎತ್ತರದಲ್ಲಿರುತ್ತದೆ. ಅದರ ಕೆಳಗೆ ಏನು ನಡೆಯುತ್ತಿದೆ, ಆಲಿಕಲ್ಲು ಬಿತ್ತೇ ಬೇವಿನ ಮರ ಬಿತ್ತೇ ಎಂಬುದು ರಾಡಾರಿಗೆ ಕಾಣದು. ಆ ಕೆಳಗಿನ ನಾಲ್ಕು ಕಿ.ಮೀ. ನನ್ನ ಅಧಿಕಾರ ವ್ಯಾಪ್ತಿ. ಮೇಲಿನದನ್ನು ಸರ್ಕಾರ ನೋಡಿಕೊಳ್ಳಬಹುದು, ನನ್ನ ಆಕ್ಷೇಪಣೆ ಇಲ್ಲ.

ಈ ವಿದ್ಯೆಯಲ್ಲಿ ಎರಡು ಪಂಥಗಳಿವೆ. ಸುಳ್ಯ ತಾಲ್ಲೂಕಿನ ಬಾಳಿಲದಲ್ಲಿ ಕೃಷಿಕರೊಬ್ಬರು 1970ರ ದಶಕದಿಂದ ತಮ್ಮ ಅಂಗಳದಲ್ಲಿ ಬಿದ್ದ ಮಳೆಯನ್ನು ದಿನವೂ ಅಳೆದು ಬರೆದಿಡುತ್ತ ಬಂದಿದ್ದಾರೆ. ಅವರದು ಅಳತೆಯ ಪಂಥ. ನಮ್ಮದು ಅಭಿಪ್ರಾಯದ ಪಂಥ. ಮಲೆನಾಡು, ಕರಾವಳಿಯವರಿಗೆ ಮಳೆ ದಾಸ್ತಾನು ಲೆಕ್ಕದ ವಿಷಯ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳ ಸಾಲಿನಲ್ಲಿರುವ ನಮಗೆ ಅಳೆಯಲು ಸಾಮಗ್ರಿ ಸಾಲದು, ಹಾಗಾಗಿ ಮಾತಾಡುತ್ತೇವೆ.

ಇನ್ನು ಮಳೆ ಎಂದರೇನು? ಬಿದ್ದದ್ದೆಲ್ಲ ಮಳೆಯಲ್ಲ. ಹವಾಮಾನ ಇಲಾಖೆಯ ಪ್ರಕಾರ ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30ರ ತನಕ ಒಂದು ದಿನ; ಆ ದಿನ 2.5 ಮಿ.ಮೀ. ಬಿದ್ದರೆ ಅದು ‘ಮಳೆ ದಿನ’. ಒಂದು ಮಿ.ಮೀ. ಎಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು. ಬೇಸಿಗೆಯಲ್ಲಿ ಅಂಗಳದಲ್ಲಿ ಮಂಚ ಹಾಕಿ ಮಲಗುವ ನಮ್ಮ ಓಣಿಯ ತಾತನ ಮಂಚ ಎರಡು ಚದರ ಮೀಟರ್ ಇದೆ ಎಂದಿಟ್ಟುಕೊಳ್ಳಿ. ಅವನ ಮೇಲೆ ಐದು ಲೀಟರ್ ನೀರು ಸುರಿದರೆ ಮಳೆಯಾಯಿತೆಂದು ದೇಶ ಒಪ್ಪುತ್ತದೆ. ನಾಲ್ಕೇ ಲೀಟರ್ ಸುರಿದಿದ್ದರೆ ತಾತ ಎದ್ದು, ದುಪ್ಪಟಿ ಹಿಂಡಿ, ಮಂಚ ಹೊತ್ತು ಒಳಗೆ ಓಡಿದ್ದು ಅವನ ವೈಯಕ್ತಿಕ ನಿರ್ಧಾರ. ತಾತನ ಮಾನದಂಡ ಬೇರೆ. ಮಣ್ಣಿನ ಮಾಳಿಗೆ ಸೋರಿ ಒಲೆಯ ಮೇಲೆ ನೀರು ಬಿದ್ದರೆ ಮಳೆ, ಇಲ್ಲದಿದ್ದರೆ ಬರೀ ಮೋಡ. ಊರಲ್ಲಿ ಆರ್‌ಸಿಸಿ ಮನೆಗಳಾದ ಮೇಲೆ ಈ ಮಾನದಂಡದಂತೆ ಮಳೆ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದೆ. ಹವಾಮಾನ ಬದಲಾವಣೆಯ ಬಗ್ಗೆ ಸಂಶೋಧನೆ ಮಾಡುವವರು ಇದನ್ನು ಗಮನಿಸಬೇಕು.

ಮಳೆಯ ಪ್ರಮಾಣ ಹೇಳುವಾಗ ನಾನು ಇಲಾಖೆಯ ಶ್ರೇಣಿಗಳನ್ನು ಕನ್ನಡ ಪತ್ರಿಕೆಗಳ ಶೀರ್ಷಿಕೆಗಳೊಂದಿಗೆ ತಾಳೆ ನೋಡಿ ಒಂದು ಕೋಷ್ಟಕ ಮಾಡಿಕೊಂಡಿದ್ದೇನೆ. 2.5ರಿಂದ 15.5 ಮಿ.ಮೀ. ತನಕ ‘ವರುಣನ ಸಿಂಚನ’. 64.4ರ ತನಕ ‘ವರುಣನ ಕೃಪೆ’. 64.5 ಮುಟ್ಟಿದರೆ ಇಲಾಖೆಗೆ ಅದು ಭಾರೀ ಮಳೆ, ಪತ್ರಿಕೆಗೆ ‘ಅಬ್ಬರ’. 115.6ಕ್ಕೆ ಅತಿ ಭಾರೀ, ಅಂದರೆ ‘ಆರ್ಭಟ’. 204.5 ಮಿ.ಮೀ. ಮುಟ್ಟಿದರೆ ‘ರುದ್ರನರ್ತನ’. ಜನಜೀವನ ಮಾತ್ರ ಐದೂ ಶ್ರೇಣಿಗಳಲ್ಲಿ ಅಸ್ತವ್ಯಸ್ತವಾಗುತ್ತದೆ. ಅದಕ್ಕೆ ಮಿಲಿಮೀಟರಿನ ಹಂಗಿಲ್ಲ.

ಈಗ ಮುಖ್ಯ ಪಾಠ: ವೀಕ್ಷಕ ಯಾವ ಕಡೆ ನೋಡಬೇಕು? ಹೊಸಬರು ತಲೆ ಎತ್ತಿ ನೇರ ಮೇಲಕ್ಕೆ ನೋಡುತ್ತಾರೆ. ಅಲ್ಲಿ ನಮಗೆ ಬೇಕಾದದ್ದೇನೂ ಇಲ್ಲ. ನಮ್ಮ ಸೀಮೆ ತುಂಗಭದ್ರೆಯ ಕಾಲುವೆಯನ್ನು ನಂಬಿದ್ದು. ಭತ್ತ ಬೆಳೆಯುವುದು ಕುರುಗೋಡು, ಸಿರುಗುಪ್ಪದಲ್ಲಿ. ಅದಕ್ಕೆ ಬೇಕಾದ ಮಳೆ ಬೀಳಬೇಕಾದದ್ದು ಶೃಂಗೇರಿ, ತೀರ್ಥಹಳ್ಳಿಯ ಕಡೆ. ಅಲ್ಲಿ ಬಿದ್ದು, ಕೂಡಲಿಯಲ್ಲಿ ಸೇರಿ, ಹೊಸಪೇಟೆಯ ಹತ್ತಿರ ಅಣೆಕಟ್ಟೆಯಲ್ಲಿ 1,633 ಅಡಿ ತುಂಬಿ, ನೀರಾವರಿ ಸಲಹಾ ಸಮಿತಿ ಸಭೆ ಸೇರಿ ಬಿಡಿ ಎಂದರೆ ಇಲ್ಲಿ ಮಳೆಗಾಲ ಶುರು. ಬಾದನಹಟ್ಟಿಯಲ್ಲೇ ಬೀಳುವ ಮಳೆಗೆ ಶಿಷ್ಟಾಚಾರ ತಿಳಿಯದು. ಅದು ಭತ್ತ ಕೊಯ್ಲಿಗೆ ಬಂದಾಗ, ಇಲ್ಲವೇ ಮೆಣಸಿನಕಾಯಿ ಕಣದಲ್ಲಿ ಒಣಗುವಾಗ ಬರುತ್ತದೆ. ಆದ್ದರಿಂದ ಪಳಗಿದ ವೀಕ್ಷಕ ಜೂನ್‌ನಲ್ಲಿ ನೈಋತ್ಯಕ್ಕೆ ಮುಖ ಮಾಡಿ, ಇನ್ನೂರು ಮುನ್ನೂರು ಕಿ.ಮೀ. ಆಚೆಯ ಮೋಡವನ್ನು ಟಿ.ವಿ.ಯಲ್ಲಿ ನೋಡುತ್ತಾನೆ. ಆಗುಂಬೆಯಲ್ಲಿ ಒಬ್ಬ ಕೊಡೆ ಬಿಚ್ಚಿದರೆ ಬಾದನಹಟ್ಟಿಯಲ್ಲಿ ಒಬ್ಬ ಸಸಿಮಡಿಗೆ ಬೀಜ ನೆನೆಹಾಕುತ್ತಾನೆ.

2024ರ ಆಗಸ್ಟ್ 10ರ ರಾತ್ರಿ ಜಲಾಶಯ ತುಂಬಿದ್ದಾಗಲೇ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಮಲೆನಾಡಿನ ಅಷ್ಟೂ ಮೋಡವನ್ನು ತಿಂಗಳುಗಟ್ಟಲೆ ಗಮನಿಸಿ ಊರಿಗೆ ವರದಿ ಕೊಟ್ಟಿದ್ದವನು ನಾನು. ಕಟ್ಟೆಯ ಮೇಲಿದ್ದವರು ನನ್ನ ಮುಖ ನೋಡಿದರು. ಸರಪಳಿ ವೀಕ್ಷಣೆ ಪ್ರತ್ಯೇಕ ಶಾಸ್ತ್ರ, ಅದಕ್ಕೂ ಹವಾಮಾನಕ್ಕೂ ಸಂಬಂಧವಿಲ್ಲ ಎಂದು ವಿವರಿಸಿದೆ.

2021ರಲ್ಲಿ ನಮ್ಮ ಜಿಲ್ಲೆ ಒಡೆದದ್ದು ನಮ್ಮ ವಿದ್ಯೆಗೆ ಬಿದ್ದ ದೊಡ್ಡ ಪೆಟ್ಟು. ಹೊಸಪೇಟೆ ವಿಜಯನಗರ ಜಿಲ್ಲೆಗೆ ಹೋಯಿತು. ಹೂವಿನಹಡಗಲಿಯ ಜೊತೆ ಮೈಲಾರವೂ ಹೋಯಿತು. ನೀರು ಒಂದು ಕಡೆ, ಮುನ್ಸೂಚನೆಯೂ ಅದೇ ಕಡೆ. ನಮಗೆ ಬಿಸಿಲು ಉಳಿಯಿತು. ಮೈಲಾರದ ಕಾರ್ಣಿಕ ಗೊತ್ತಿಲ್ಲದ ಓದುಗರು ಇರಲಾರರು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಡೆಂಕನಮರಡಿಯಲ್ಲಿ, ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ “ಸದ್ದಲೇ” ಎನ್ನುತ್ತಾನೆ. ಲಕ್ಷಗಟ್ಟಲೆ ಜನ ಬಾಯಿ ಮುಚ್ಚುತ್ತಾರೆ. ಒಂದೇ ಸಾಲು ನುಡಿದು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲಿನಲ್ಲಿ ಮಳೆ, ಬೆಳೆ, ಮುಂದಿನ ಮುಖ್ಯಮಂತ್ರಿ ಮೂರೂ ಇರುತ್ತವೆ. ಮುನ್ಸೂಚನಾ ತಂತ್ರದ ದೃಷ್ಟಿಯಿಂದ ಇದನ್ನು ಮೀರಿಸಿದ್ದು ನಾನು ಕಂಡಿಲ್ಲ: ಹೇಳಿಕೆ ಚಿಕ್ಕದು, ಅರ್ಥ ಕೇಳಿದವರ ಜವಾಬ್ದಾರಿ, ಹೇಳಿದವನು ಕೂಡಲೇ ಮೇಲಿನ ಹುದ್ದೆಯಿಂದ ಕೆಳಗಿಳಿಯುತ್ತಾನೆ. ಹವಾಮಾನ ತಜ್ಞರು ಈ ಮೂರನೆಯ ಅಂಶವನ್ನು ಇನ್ನೂ ಅಳವಡಿಸಿಕೊಂಡಿಲ್ಲ.

ಮಳೆಯ ಯಜಮಾನಿಕೆ ಇನ್ನೂ ದೂರದಲ್ಲಿದೆ ಎಂಬುದು ಬ್ರಿಟಿಷರ ಕಾಲದಲ್ಲೇ ಗೊತ್ತಾಗಿತ್ತು. 1899ರ ಮುಂಗಾರು ಕೈಕೊಟ್ಟ ಮೇಲೆ, 1904ರಲ್ಲಿ ಹವಾಮಾನ ಇಲಾಖೆಯ ಹೊಣೆ ಹೊತ್ತ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞ ಎರಡು ದಶಕ ಜಗತ್ತಿನ ವಾಯುಭಾರದ ಅಂಕಿಗಳನ್ನು ಗುಡ್ಡೆ ಹಾಕಿಕೊಂಡು ಕೂತ. ಪೆಸಿಫಿಕ್ ಸಾಗರದ ಒತ್ತಡದ ಏರಿಳಿತಕ್ಕೂ ನಮ್ಮ ಮುಂಗಾರಿಗೂ ನಂಟಿದೆ ಎಂದು ಕಂಡುಕೊಂಡ. ಪೆರು ದೇಶದ ಕರಾವಳಿಯ ಕಡೆ ಸಮುದ್ರ ಬಿಸಿಯಾದ ವರ್ಷ ಇಲ್ಲಿ ಮಳೆ ಸೊರಗುವ ಸಂಭವ ಹೆಚ್ಚು ಎಂದು ಈಗ ಎಲ್ಲರೂ ಒಪ್ಪುತ್ತಾರೆ. ಯುಗಾದಿಯ ದಿನ ಗುಡಿಯಲ್ಲಿ ಓದುವ ಪಂಚಾಂಗವೂ ಮಳೆಯ ಯಜಮಾನಿಕೆ ದೂರದಲ್ಲಿದೆ ಎಂಬುದನ್ನೇ ಬೇರೆ ರೀತಿ ಹೇಳುತ್ತದೆ. ವರ್ಷದ ಮಳೆಯಲ್ಲಿ ಅರ್ಧ ಸಮುದ್ರಕ್ಕೆ, ಮಿಕ್ಕದ್ದರಲ್ಲಿ ದೊಡ್ಡ ಪಾಲು ಬೆಟ್ಟಗಳಿಗೆ, ಉಳಿದದ್ದು ನೆಲಕ್ಕೆ. ಆ ನೆಲದಲ್ಲಿ ಶಿವಮೊಗ್ಗವೂ ಸೇರಿದೆ ಎಂಬುದನ್ನು ಲೆಕ್ಕ ಬಲ್ಲವರು ಗಮನಿಸಬೇಕು.

ಮಳೆಯಂತೆ ಅದರ ಅಂಕಿಗಳೂ ನಮ್ಮೂರಲ್ಲಿ ನಿಲ್ಲುವುದಿಲ್ಲ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿ, ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆ ಯಲಹಂಕದಲ್ಲಿದೆ. ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಅದು ರಾಜ್ಯದಲ್ಲೆಲ್ಲ ನೆಟ್ಟಿದೆ. ಅವು ಬಿಸಿಲಿನಿಂದ ವಿದ್ಯುತ್ ಮಾಡಿಕೊಂಡು 15 ನಿಮಿಷಕ್ಕೊಮ್ಮೆ ಮಳೆಯ ಸುದ್ದಿ ಕಳಿಸುತ್ತವೆ. ನಿಜಕ್ಕೂ ದೊಡ್ಡ ಕೆಲಸ. ದೇಶದಲ್ಲಿ ಇಷ್ಟು ದಟ್ಟವಾದ ಜಾಲ ಅಪರೂಪ. ರೈತ ಹೊಲದಲ್ಲಿ ತೊಯ್ದು, ಮನೆಗೆ ಬಂದು, ತಲೆ ಒರೆಸಿಕೊಳ್ಳುವಷ್ಟರಲ್ಲಿ ಅವನು ತೊಯ್ದದ್ದು ಯಲಹಂಕಕ್ಕೆ ಗೊತ್ತಾಗಿರುತ್ತದೆ. ಅನುಮಾನವಿದ್ದರೆ ‘ವರುಣಮಿತ್ರ’ ಸಹಾಯವಾಣಿಗೆ ಫೋನು ಮಾಡಿ ತಾನು ತೊಯ್ದೆನೇ ಎಂದು ಕೇಳಿ ಖಚಿತಪಡಿಸಿಕೊಳ್ಳಬಹುದು. ತೊಡಕು ಮಳೆಯದೇ. ಅದು ಹಳ್ಳದ ಈ ದಂಡೆಗೆ ಸುರಿದು ಆ ದಂಡೆಯನ್ನು ಒಣಗಿಸಿ ಹೋಗುವ ಜಾತಿಯದು. ಮಾಪಕದ ಬಾಯಿ ಗೇಣಗಲದ್ದು. ಹವಾಮಾನ ಆಧಾರಿತ ಬೆಳೆ ವಿಮೆ ನಂಬುವುದು ಮಾಪಕವನ್ನು. ಆದ್ದರಿಂದ ಮಳೆಗೆ ನನ್ನ ವಿನಂತಿ: ಬೀಳುವುದಿದ್ದರೆ ಮೊದಲು ಮಾಪಕದ ಮೇಲೆ ಬಿದ್ದು, ನೋಂದಣಿ ಮಾಡಿಸಿ, ಆಮೇಲೆ ಹೊಲಕ್ಕೆ ಹೋಗುವುದು.

ವೀಕ್ಷಕನಿಗೆ ದಿನಕ್ಕೆ ಹಲವು ಸಲ ಎದುರಾಗುವ ಪ್ರಶ್ನೆ ಒಂದೇ. “ಏನ್ ಮಾವ, ಮಳಿ ಬರ್ತೈತೇನು?” ಹೌದು, ಇಲ್ಲ ಎಂಬ ಎರಡು ಪದಗಳನ್ನು ಬಳಸುವವರು ಈ ವೃತ್ತಿಯಲ್ಲಿ ಬಹುಕಾಲ ಉಳಿಯುವುದಿಲ್ಲ. “ಒಂದೆರಡು ಕಡೆ” ಎನ್ನಬೇಕು. ಇದು ನುಣುಚಿಕೊಳ್ಳುವಿಕೆಯಲ್ಲ, ಇಲಾಖೆಯ ಪರಿಭಾಷೆ: ಒಂದು ಪ್ರದೇಶದ ಕೇಂದ್ರಗಳಲ್ಲಿ ಕಾಲು ಭಾಗದೊಳಗೆ ಮಾತ್ರ ಮಳೆಯಾಗುವಂತಿದ್ದರೆ ಬಳಸುವ ಮಾತು. ಉಳಿದ ಮುಕ್ಕಾಲು ಭಾಗದಲ್ಲಿ ನಾವಿದ್ದೇವೆ ಎಂಬುದನ್ನು ಕೇಳಿದವನು ತಾನೇ ಅರ್ಥಮಾಡಿಕೊಳ್ಳುತ್ತಾನೆ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳ ಅರ್ಥ ಹೇಳಿಕೊಡುವುದೂ ನನ್ನ ಕೆಲಸ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಮೋಡ ಕಂಡ ಕೂಡಲೇ ನಮ್ಮೂರಿನವರು ಕೈಗೊಳ್ಳುವ ಕ್ರಮ ಒಗ್ಗರಣಿ, ಮಿರ್ಚಿಗೆ ಹೇಳಿಕಳಿಸುವುದು. ಇದು ಮೂರೂ ಬಣ್ಣಕ್ಕೆ ಅನ್ವಯಿಸುತ್ತದೆ.

ಗಾಳಿಯ ವೇಗಕ್ಕೆ ಬ್ಯೂಫೋರ್ಟ್ ಮಾಪಕವಿದೆ. 1805ರಲ್ಲಿ ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫೋರ್ಟ್ ರೂಪಿಸಿದ್ದು. ಸೊನ್ನೆಯಿಂದ ಹನ್ನೆರಡರ ತನಕ. ಉಪಕರಣ ಬೇಡ, ಹಡಗಿನ ಹಾಯಿ ನೋಡಿದರೆ ಸಾಕು. ನಮ್ಮಲ್ಲಿ ಹಾಯಿ ಇಲ್ಲ, ಫ್ಲೆಕ್ಸ್ ಇವೆ. ಎಲೆ ಅಲುಗದಿದ್ದರೂ ಕರೆಂಟು ಹೋದರೆ ಗಾಳಿ ಹೊರಡಲು ಯೋಚಿಸುತ್ತಿದೆ ಎಂದರ್ಥ. ಬ್ಯೂಫೋರ್ಟನಿಗೆ ಸಿಗದೆ ಹೋದ ಸೂಕ್ಷ್ಮ ಇದು. ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಮರಿ ಮುಖಂಡರ ಸಾಲು ಅಲುಗಿದರೆ ನಾಲ್ಕು. ಮಧ್ಯದ ದೊಡ್ಡ ಮುಖ ಹರಿದರೆ ಏಳು. ಚೌಕಟ್ಟು ಸಮೇತ ಎದ್ದು ಎದುರು ಪಕ್ಷದವರ ಮನೆ ಮಾಳಿಗೆಯ ಮೇಲೆ ಕೂತರೆ ಒಂಬತ್ತು. ಇದನ್ನು ಪಕ್ಷಾಂತರ ಎಂದು ಓದಬಾರದು. ಹನ್ನೆರಡು, ಅಂದರೆ ಗಂಟೆಗೆ 118 ಕಿ.ಮೀ. ದಾಟಿದ್ದು, ನಮ್ಮೂರಲ್ಲಿ ದಾಖಲಾಗಿಲ್ಲ. ಚಹಾದಂಗಡಿಯಲ್ಲಿ ಮಾತ್ರ ಆಗಾಗ ದಾಖಲಾಗುತ್ತದೆ.

ಸಿಡಿಲಿನ ವಿಷಯದಲ್ಲಿ ನಾನು ತಮಾಷೆ ಮಾಡುವುದಿಲ್ಲ. ಅಡ್ಡಮಳೆಯ ಕಾಲದಲ್ಲಿ ಸಾಯುವವರು ಬಯಲಲ್ಲಿದ್ದ ಕೂಲಿಯವರು, ಕುರಿಗಾಹಿಗಳು, ಮರದಡಿ ನಿಂತವರು. ಮಿಂಚು ಕಂಡು ಗುಡುಗು ಕೇಳುವ ನಡುವೆ ಮೂರು ಸೆಕೆಂಡಾದರೆ ಸಿಡಿಲು ಒಂದು ಕಿ.ಮೀ. ದೂರ. ಮೂವತ್ತು ಸೆಕೆಂಡಿನೊಳಗೆ ಕೇಳಿದರೆ ಗಟ್ಟಿ ಕಟ್ಟಡದೊಳಗೆ ಹೋಗಬೇಕು, ಕೊನೆಯ ಗುಡುಗಾಗಿ ಮೂವತ್ತು ನಿಮಿಷ ಹೊರಬರಬಾರದು. ಗಡಿಯಾರ ಇಲ್ಲದವರಿಗೆ ನಮ್ಮ ಹಿರಿಯರು ವ್ಯವಸ್ಥೆ ಮಾಡಿಟ್ಟಿದ್ದಾರೆ. ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳಬೇಕೆಂದು ಮಕ್ಕಳಿಗೆ ಕಲಿಸುತ್ತಿದ್ದರಲ್ಲ? ವಿರಾಟಪರ್ವದಲ್ಲಿ ಉತ್ತರಕುಮಾರನಿಗೆ ತನ್ನ ಗುರುತು ಹೇಳಲು ಅರ್ಜುನ ಒಪ್ಪಿಸಿದ ಪಟ್ಟಿ. ನಿಧಾನವಾಗಿ ಹೇಳಿದರೆ ಹೆಸರಿಗೊಂದು ಸೆಕೆಂಡು. ಮಿಂಚಿದ ಕೂಡಲೇ ಶುರುಮಾಡಿ, ಮೂರನೆಯ ಹೆಸರಿಗೆ ಗುಡುಗಿದರೆ ಒಂದು ಕಿ.ಮೀ.; ಹತ್ತೂ ಮುಗಿದ ಮೇಲೆ ಗುಡುಗಿದರೆ ಮೂರು ಕಿ.ಮೀ. ಆಚೆ. ಪಟ್ಟಿಯನ್ನು ಮೂರು ಸಲ ಮುಗಿಸುವುದರೊಳಗೆ ಗುಡುಗಿದರೆ ಒಳಗೆ ಹೋಗಬೇಕು. ಪುಣೆಯ ವಿಜ್ಞಾನಿಗಳ ‘ದಾಮಿನಿ’ ಆ್ಯಪ್ ಕೂಡ ಸುತ್ತಲಿನ ಸಿಡಿಲು ತೋರಿಸುತ್ತದೆ. ನೆಟ್‌ವರ್ಕ್ ಇದ್ದರೆ ದಾಮಿನಿ, ಇಲ್ಲದಿದ್ದರೆ ಧನಂಜಯ.

ಆಲಿಕಲ್ಲಿನ ಗಾತ್ರವನ್ನು ಅಮೆರಿಕದ ವೀಕ್ಷಕರು ನಾಣ್ಯಕ್ಕೆ ಹೋಲಿಸಿ ಹೇಳಬೇಕು. ಗೋಲಿಗೆ ಹೋಲಿಸಬಾರದು, ಗೋಲಿಗಳು ಒಂದೇ ಅಳತೆಯವಲ್ಲ. ಈ ಪದ್ಧತಿಯನ್ನು ಇಲ್ಲಿ ತರುವಾಗ ಎಚ್ಚರ ಬೇಕು. ನಮ್ಮ ಒಂದು ರೂಪಾಯಿ ನಾಣ್ಯ ಸರಣಿಯಿಂದ ಸರಣಿಗೆ ಸಣ್ಣದಾಗುತ್ತ ಬಂದಿದೆ. ಅದನ್ನೇ ಅಳತೆಗೋಲು ಮಾಡಿಕೊಂಡರೆ ಆಲಿಕಲ್ಲು ದಶಕದಿಂದ ದಶಕಕ್ಕೆ ದಪ್ಪವಾಗುತ್ತಿದೆ ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಗಾತ್ರ ಏನೇ ಇರಲಿ, ಪರಿಹಾರ ಸಿಗಬೇಕಾದರೆ ಬೆಳೆ ಶೇ 33ರಷ್ಟಾದರೂ ಹಾಳಾಗಿರಬೇಕು. ಶೇ 32 ಹಾಳು ಮಾಡಿ ನಿಲ್ಲುವ ಆಲಿಕಲ್ಲು ನಿಯಮಾವಳಿ ಓದಿರುತ್ತದೆ.

ಇನ್ನೊಂದು ಮಾತು: ವೀಕ್ಷಕ ವೀಕ್ಷಿಸಬೇಕೇ ಹೊರತು ಅಡ್ಡಬರಬಾರದು. ಮಾರ್ಚ್‌ನಲ್ಲಿ ಊರ ಸುತ್ತಲಿನ ಕಣಗಳಲ್ಲಿ ಮೆಣಸಿನಕಾಯಿ ಕೆಂಪಗೆ ಹರಡಿರುತ್ತದೆ. ಅಂಥ ಒಂದು ಸಂಜೆ ಕುರುಗೋಡಿನ ಗುಡ್ಡಗಳ ಮೇಲೆ ಗುಡುಗುಮೋಡವೊಂದು ಎದ್ದು, ನೆತ್ತಿ ಚಪ್ಪಟೆಯಾಗಿ ಹರಡಿ, ಕಮ್ಮಾರರ ಅಡಿಗಲ್ಲಿನ ಆಕಾರ ತಳೆಯಿತು. ಪುಸ್ತಕದಲ್ಲಿ ಹೇಳಿದ ಹಾಗೆಯೇ ಇತ್ತು. ಮೋಡದ ತುದಿ ವಾತಾವರಣದ ಮೇಲ್ಪದರಕ್ಕೆ ತಾಗಿ ಮುಂದೆ ಏರಲಾಗದೆ ಅಡ್ಡಡ್ಡ ಹರಡುವುದರಿಂದ ಈ ಆಕಾರ ಬರುತ್ತದೆ ಎಂದು ಕಣದ ಬದಿಯಲ್ಲಿ ನೆರೆದವರಿಗೆ ತಿಳಿಸತೊಡಗಿದೆ. ನೆರೆದವರು ಒಬ್ಬೊಬ್ಬರೇ ತಾಡಪತ್ರಿ ಹುಡುಕುತ್ತ ಹೋದರು. ಪಕ್ಕದ ಕಣದ ಹೆಣ್ಣುಮಗಳು ತನ್ನ ರಾಶಿ ಮುಚ್ಚಿ, ಮೂಲೆಗೆ ಕಲ್ಲು ಹೇರಿ, “ಮಾವಾರ, ನಿಮ್ಮ ಕಾಯಿ ಮುಚ್ಚಾಕಿಲ್ಲೇನ್ರಿ?” ಎಂದಳು. ಮೋಡದಿಂದ ತಣ್ಣನೆಯ ಗಾಳಿ ಮೊದಲು ನುಗ್ಗುತ್ತದೆ, ಮಳೆ ಆಮೇಲೆ. ಆ ನಡುವಿನ ಅಂತರವನ್ನು ದಾಖಲಿಸುತ್ತಿದ್ದೇನೆ ಎಂದೆ. ಅಂತರ ಬಹಳ ಕಡಿಮೆ ಎಂದು ದಾಖಲಾಯಿತು.

ತೊಯ್ದು ಬಣ್ಣ ಕಳೆದುಕೊಂಡ ಕಾಯಿಗೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಕೊಡುವ ಬೆಲೆಯೂ ಹವಾಮಾನದ ಒಂದು ಅಳತೆಯೇ. ಅದನ್ನು ನನ್ನ ಕೋಷ್ಟಕದಲ್ಲಿ ‘ಆರ್ಭಟ’ದ ಕೆಳಗೆ ಸೇರಿಸಿದ್ದೇನೆ.

ಆ ಸಂಜೆಯ ನಂತರ ಮನೆಯವಳ ಆದೇಶದಂತೆ ವೀಕ್ಷಣಾಲಯವನ್ನು ಕಟ್ಟೆಯಿಂದ ಕಣಕ್ಕೆ ಸ್ಥಳಾಂತರಿಸಲಾಗಿದೆ. ಮೋಡ ಕಂಡರೆ ತಾಡಪತ್ರಿ ಹೊದಿಸಿ ಅದರ ಗಾಳಿ ಬರುವ ಮೂಲೆಯ ಮೇಲೆ ನಾನು ಕೂರುತ್ತೇನೆ. ಉಳಿದ ಮೂರು ಮೂಲೆಗಳಿಗೆ ಕಲ್ಲು ಇಟ್ಟಿದೆ. ಈ ಹುದ್ದೆಗೆ ಸಂದರ್ಶನ ನಡೆಯಲಿಲ್ಲ, ತೂಕ ನೋಡಿದರು. ತಾಡಪತ್ರಿ ನನ್ನ ಕೆಳಗೆ ಪಟಪಟನೆ ಬಡಿದುಕೊಂಡರೆ ಬ್ಯೂಫೋರ್ಟ್ ಆರು, ನಾನು ಒಂದಿಷ್ಟು ಮೇಲೆದ್ದು ಮತ್ತೆ ಕೂತರೆ ಎಂಟು. ಎಂಟರ ಮೇಲಿನ ಅಂಕಿಗಳಿಗೆ ಇನ್ನೊಬ್ಬ ಸ್ವಯಂಸೇವಕರು ಬೇಕಾಗಿದ್ದಾರೆ. ಎಪ್ಪತ್ತು ಕಿಲೋ ಮೇಲ್ಪಟ್ಟವರಿಗೆ ಆದ್ಯತೆ.